ಹೊಸತೊಡಕಿನ ಮೊಲದ ಜಾಡು

ಆ ಬಾಡಿನ ಬಟ್ಟಲು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಕೊಣನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದೆ. ಪಾಠದ ಪುಸ್ತಕದಲ್ಲಿ ಸಿಂಹ, ಒಂಟೆ. ಆ ಮಕ್ಕಳು ಸಿಂಹವನ್ನು ಎಲ್ಲಿಗೆ ಹೋಗಿ ನೋಡಬೇಕು? ಕೈಕೆಲಸದ ಪಿರಿಯಡ್ಡಿನಲ್ಲಿ ಕೆರೆಯ ಜೇಡಿಮಣ್ಣು ತರಿಸಿ ಮೊಲ, ನರಿ, ಮುಂಗುಸಿ, ನೀರುನಾಯಿಗಳ ಪಾದ ಮಾಡಿಸಿದೆ. ಕುಂಬಾರರ ಆವಿಗೆಯಲ್ಲಿ ಸುಟ್ಟು ಗಟ್ಟಿ ಮಾಡಿಕೊಂಡೆವು. ಹೊಳೆಯ ಒದ್ದೆ ಮರಳಿನಲ್ಲಿ ಒಬ್ಬರು ಅವನ್ನು ಒತ್ತುತ್ತಾ ಹೋಗಿ ಬಚ್ಚಿಟ್ಟುಕೊಳ್ಳಬೇಕು, ಉಳಿದವರು ಜಾಡು ಹಿಡಿದು ಹುಡುಕಬೇಕು. ಓಡುವ ಮೊಲದ ಹಿಂಗಾಲಿನ ಗುರುತು ಮುಂದೆ ಬೀಳುತ್ತದೆ, ಮುಂಗಾಲಿನದು ಹಿಂದೆ ಉಳಿಯುತ್ತದೆ. ಇದನ್ನು ಮೊದಲು ಗ್ರಹಿಸಿದವಳು ಮೂರನೇ ಕ್ಲಾಸಿನ ಒಬ್ಬ ಹುಡುಗಿ. ಶಾಲೆಯ ಹಿಂದಿನ ಲಂಟಾನ ಪೊದೆಯಲ್ಲಿ ನಿಜವಾದ ಮೊಲವೊಂದಿದೆಯೆಂದು ಪತ್ತೆ ಮಾಡಿದವಳೂ ಅವಳೇ.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಗಂಡಸರೆಲ್ಲ ಬಲೆ ಹೊತ್ತು ಬೇಟೆಗೆ ಹೊರಡುತ್ತಾರೆ. ಆ ಸಂಜೆ ಹುಡುಗಿಯ ಅಪ್ಪ ಮೊಲದ ಮಾಂಸದ ಬಟ್ಟಲು ತಂದು ನನ್ನ ಮುಂದಿಟ್ಟ.

“ನಿಮ್ ಪಾಲು ಸಾ. ನಮ್ ಮಗ್ಳು ಜಾಡು ಹಿಡ್ದು ಪೊದೆತಾವ್ಕೇ ಕರ್ಕೊಂಡೋದ್ಲು. ಇಸ್ಕೂಲಂದ್ರೆ ಇಂಗಿರ್ಬೇಕು!”

ಅವನ ಹಿಂದೆ ಹುಡುಗಿ ಅತ್ತು ಕಣ್ಣು ಊದಿಸಿಕೊಂಡು ನಿಂತಿದ್ದಳು. “ಒಟ್ಟೇಲಿ ಮರಿ ಇದ್ವು ಸಾ. ತೋರ್ಸು ಅಂದ್ರು, ತೋರ್ಸ್ದೆ. ನೋಡಾಕೆ ಅನ್ಕಂಡಿದ್ದೆ.”

ನಾನೇನು ಬಾಡು ಮುಟ್ಟದವನಲ್ಲ. ಆದರೆ ಬಸುರಿ ಮೊಲವನ್ನು, ಅದೂ ಮಗುವಿನ ಕೈಯಲ್ಲೇ ತೋರಿಸಿಕೊಂಡು! “ನಾಚ್ಕೆ ಆಗಲ್ವೇನಯ್ಯಾ, ತಗೊಂಡೋಗು” ಎಂದು ಕೂಗಾಡಿದೆ. ಅವನು ನಕ್ಕ.

“ಸಿಟ್ಯಾಕ್ ಸಾ? ಬರೋ ವರ್ಸ ದೊಡ್ ಪಾಲೇ ಕೊಡ್ತೀವಿ ಬುಡಿ.”

ಪಾಲು ಕಡಿಮೆಯಾಯಿತೆಂದು ನಾನು ರೇಗುತ್ತಿದ್ದೇನೆ ಎಂದುಕೊಂಡಿದ್ದ, ಮಹಾರಾಯ! ಅವತ್ತು ನನಗೆ ಊಟ ಸೇರಲಿಲ್ಲ. ಹುಡುಗಿಯೂ ಎಷ್ಟೋ ದಿನ ಮರಳಿನ ಆಟಕ್ಕೆ ಬರಲಿಲ್ಲ.

ಮುಂದಿನ ಹೊಸತೊಡಕಿಗೂ ಅವರು ಅವಳನ್ನೇ ಮುಂದೆ ಬಿಟ್ಟುಕೊಂಡು ಹೊರಟರು. ನಾನು ಹಲ್ಲು ಕಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದೆ. ಮಧ್ಯಾಹ್ನ ಅವಳ ಅಪ್ಪ ಸೊಂಟದವರೆಗೆ ಕೆಸರು ಮೆತ್ತಿಕೊಂಡು, ಬರಿ ಬಲೆ ಹೊತ್ತು ನನ್ನ ಮನೆ ಮುಂದೆ ಹಾದುಹೋದ.

“ಅದೇನ್ ಮೊಲ್ವೋ ಕಾಣೆ ಸಾ, ಜಾಡು ಸೀದಾ ಒಳೆಗೆ ಇಳ್ದದೆ!”

ಹುಡುಗಿ ಹಿಂದೆ ಉಳಿದಳು. ಅಪ್ಪ ತಿರುವು ದಾಟಿದ ಮೇಲೆ ಲಂಗದ ಮಡಿಲಿನಿಂದ ಮಣ್ಣಿನ ಪಾದಗಳನ್ನು ತೆಗೆದು, ಒದ್ದೆ ಮರಳು ಒರೆಸಿ, ನನ್ನ ಜಗಲಿಯ ಮೇಲೆ ಜೋಡಿಸಿಟ್ಟಳು.

“ಒಂದು ಮುಕ್ಕಾಗ್ಬುಟ್ಟದೆ ಸಾ. ಬರೋ ವರ್ಸಕ್ಕೆ ಒಸ್ದು ಮಾಡ್ಬೇಕು.”