ಬೈಯುತ್ತಲೇ ಬಾಗಿಲು ತೆರೆಸಿದ ಪರಶುರಾಮ ಕಾಕಾ

ಪರಶುರಾಮ ಕಾಕಾರು ಬೈಯದೆ ಒಂದು ಸ್ಕ್ರೂ ತಿರುಗಿಸಿದವರಲ್ಲ. ಖಾನಾಪುರದವರು, ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು. ಹಿಂದವಾಡಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ತಂತಿ, ಪುಟ್ಟ ಪುಟ್ಟ ಸರ್ಕಿಟುಗಳೇ ಅವರ ಸಂಸಾರ. ಬೆಸುಗೆ ಹಿಡಿಯದಿದ್ದರೆ ಮರಾಠಿಯಲ್ಲಿ ಬೈಗುಳ, ಹಿಡಿದರೆ ಕನ್ನಡದಲ್ಲಿ.

ನಮ್ಮತ್ತೆಗೆ ಕೈ ನಡುಕ. ಒಬ್ಬರೇ ಗುಡಿಗೆ ಹೋಗಿ ಬರುವಷ್ಟು ಕಾಲು ಗಟ್ಟಿ, ಅಷ್ಟು ಶಿವನ ದಯೆ. ಆದರೆ ಕೀಲಿಕೈ ತೂತಿಗೆ ಸೇರುತ್ತಿರಲಿಲ್ಲ. ನಾನು ಗಿರಣಿಗೆ ಹೋದ ಒಂದು ದಿನ ಗುಡಿಯಿಂದ ಬಂದು ಬಾಗಿಲು ತೆರೆಯಲಾಗದೆ ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಹಿಟ್ಟಿನ ಡಬ್ಬಿ ಹೊತ್ತು ಬಂದ ನನ್ನ ಮೇಲೆ ಕಾಕಾರು ಓಣಿಗೆಲ್ಲ ಕೇಳುವಂತೆ ಹರಿಹಾಯ್ದರು.

“ತಂಗೆವ್ವಾ, ಅವ್ವಾರು ತಮ್ಮ ಮನಿ ಮುಂದ ತಾವ ಭಿಕ್ಷಾ ಬೇಡಾವ್ರ ಹಂಗ ಕುಂತಾರ! ನಾಚಿಕಿ ಬರೂದಿಲ್ಲ ನಿನಗ?”

“ನೀವ ಕೆಳಗ ಬಂದು ತಗದಿದ್ರ ನಿಮ್ಮ ಕೈ ಸವೀತಿದ್ದುವೇನ್ರಿ?” ಎಂದೆ. ನನಗೂ ಮೈ ಉರಿದಿತ್ತು.

“ಬಂದಿದ್ದೆ. ತಾವ ತಗೀತೀನಿ ಅಂತ ಹಟಾ ಹಿಡದ್ರು.”

ಆ ವಾರವೇ ನಮ್ಮ ಬಾಗಿಲಿಗೆ ಆರ್‌ಎಫ್‌ಐಡಿ ರೀಡರ್ ಬಂತು. ಅಂಗೈಗಿಂತ ಚಿಕ್ಕ ನೀಲಿ ಹಲಗೆ. ಅತ್ತೆಗೊಂದು ಪ್ಲಾಸ್ಟಿಕ್ ಬಿಲ್ಲೆ ಕೊಟ್ಟರು. ಅದನ್ನು ಎರಡು ಬೆರಳಷ್ಟು ಹತ್ತಿರ ಹಿಡಿದರೆ ಸಾಕು, ತಾಗಿಸುವುದೂ ಬೇಡ, ಅಗಳಿ ತಾನೇ ಸರಿಯಬೇಕು. ಸರಿಯಲಿಲ್ಲ. ಕಾಕಾರು ಮೂರು ದಿನ ಬಿಚ್ಚಿದರು, ಕೂಡಿಸಿದರು, ತಂತಿ ಬದಲಿಸಿದರು. ಅವರು ಮೇಲೆ ಹೋಗಿ ತಮ್ಮ ಬಿಲ್ಲೆ ತಂದು ಹಿಡಿದರೆ ತೆರೆಯುತ್ತದೆ, ಅತ್ತೆ ಎದೆಯೊಡ್ಡಿ ನಿಂತರೆ ಇಲ್ಲ.

“ನಿಮ್ಮ ಮಷೀನಿಗೆ ನಮ್ಮತ್ತಿ ಕಂಡ್ರ ಆಗೂದಿಲ್ಲ,” ಎಂದು ನಾನು ಚುಚ್ಚಿದೆ.

“ಅವ್ವಾರ ಬಿಲ್ಲಿ ಎಲ್ಲೈತಿ?”

“ಲಿಂಗದ ಕರಡಿಗ್ಯಾಗ ಇಟ್ಟೀನ್ರಿ. ಅದೊಂದ ಅವರ ಕೊರಳ ಬಿಟ್ಟು ಹೋಗೂದಿಲ್ಲ.”

ಕಾಕಾರು ಹಣೆ ಬಡಿದುಕೊಂಡರು. “ಅಯ್ಯ ದೇವಾ! ಬೆಳ್ಳಿ ಡಬ್ಬ್ಯಾಗ ಹಾಕಿ ಮುಚ್ಚೀದಿ! ಲೋಹದಾಗಿಂದ ಅದರ ಅಲೆ ಹೊರಗ ಹೆಂಗ ಬರಬೇಕು? ಮೂರು ದಿನಾ ನನ್ನ ಪ್ರಾಣಾ ತಿಂದಿ!”

“ಲಿಂಗಪ್ಪನ ಬಾಜು ಪ್ಲಾಸ್ಟಿಕ್ ಬ್ಯಾಡಂತ ಆವತ್ತ ಅಂದಿದ್ದಿಲ್ಲೇನ ಹುಚ್ಚಿ?” ಎಂದು ಅತ್ತೆಯೂ ಬೈದರು. ನಾನೇ ಬಿಲ್ಲೆ ತೆಗೆದು ಬಟ್ಟೆಯಲ್ಲಿ ಹೊಲಿದು ಬೇರೆ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದೆ. ಅಗಳಿ ಸರಿಯಿತು. ಅತ್ತೆ ಅಂದು ಆರು ಸಲ ಹೊರಗೆ ಹೋಗಿ ಆರು ಸಲ ಒಳಗೆ ಬಂದರು. ಕಾಕಾರು ನಗಲಿಲ್ಲ. “ಸಾಕ್ರಿ, ಅದಕ್ಕೂ ದಣಿವಾಗತೈತಿ,” ಎಂದು ಗದರಿ ಮೇಲೆ ಹೋದರು.

ಈ ವರ್ಷ ಎದೆನೋವೆಂದು ಖಾನಾಪುರಕ್ಕೆ ಹೋದವರು ಮರಳಲಿಲ್ಲ. ಒಂದು ಮಧ್ಯಾಹ್ನ ಅವರ ಅಣ್ಣನ ಮಗ ಕೋಣೆ ಖಾಲಿ ಮಾಡಲು ಬಂದ. ಕಾಕಾರು ತೀರಿ ಹದಿನೈದು ದಿನವಾಗಿತ್ತಂತೆ. ಯಾಕೆ ತಿಳಿಸಲಿಲ್ಲ ಎಂದರೆ, “ನೀವೇನು ಬಳಗದವ್ರಲ್ಲಲ್ರಿ,” ಎಂದ. ಕಾಕಾರ ಸಾಮಾನೆಲ್ಲ ಗುಜರಿಗೆಂದು ಚೀಲಕ್ಕೆ ತುಂಬಿ ಇಳಿದು ಬಂದು, ನಮ್ಮ ಬಾಗಿಲು ನೋಡಿ, “ಇದೂ ಕಾಕಾಂದ ಅಲ್ರಿ? ಬಿಚ್ಚಿ ಒಯ್ತೀನಿ,” ಎಂದು ಸ್ಕ್ರೂಡ್ರೈವರ್ ತೆಗೆದ.

ಅವರು ಇದ್ದಾಗ ಒಂದು ದಿನ ಬಂದು ಮಾತಾಡಿಸದವನು! ಬಾಗಿಲಿಗೆ ಅಡ್ಡ ನಿಂತೆ. “ಕೈ ಹಚ್ಚಿ ನೋಡು! ಮುಟ್ಟಿದ್ರ ಇಡೀ ಓಣಿ ಕೂಡಸ್ತೀನಿ!” ಅಷ್ಟು ದೊಡ್ಡ ದನಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ. ಅವನು ಚೀಲ ಎಳೆದುಕೊಂಡು ಹೋದ.

ಎಲ್ಲ ಕೇಳುತ್ತ ಕೂತಿದ್ದ ಅತ್ತೆ ಎದ್ದು, ಸೆರಗು ಸರಿಮಾಡಿಕೊಂಡು, ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ಹೋಗಿ ತೆರೆಯಲಿಲ್ಲ, ಒಳಗೇ ನಿಂತು ಕಾದೆ. ಕಡೆಗೆ ಅಗಳಿ ಸರಿಯಿತು.

“ನಡೀತೈತಿ,” ಎಂದು ಒಳಗೆ ಬಂದು, ಗೋಡೆಗೆ ಮುಖ ಮಾಡಿ ಕೂತರು.