ಗೊಬ್ಬರ ಬಿಟ್ಟುಕೊಡದ ಮಾವ

ನನ್ನ ಸೋದರಮಾವ ತಿಪ್ಪಣ್ಣ ಇನ್ನೊಬ್ಬರ ಹೊಲದಲ್ಲಿ ಚೊಂಬು ಹಿಡಿದು ಕೂತವನಲ್ಲ. ಹಿರಿಯೂರಿನ ಸಂತೆಯಲ್ಲಿ ಹೊಟ್ಟೆ ಕೆಟ್ಟರೂ ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿ, ಜವನಗೊಂಡನಹಳ್ಳಿಯಲ್ಲಿ ಇಳಿದು, ಅಲ್ಲಿಂದ ಎರಡು ಮೈಲಿ ಕಾಲು ಜೋಡಿಸಿಕೊಂಡೇ ನಡೆದು ಬಂದು ತನ್ನ ಬದುವಿನೊಳಗೇ ಕೂರುತ್ತಿದ್ದ. "ನನ್ ಗೊಬ್ಬರ ಕಂಡೋರ ಹೊಲಕ್ಯಾಕೆ ಬೀಳ್ಬೇಕಲೇ?" ಎಂದು ಅರಳೀಕಟ್ಟೆಯ ಮೇಲೆ ಮೀಸೆ ತಿರುವುತ್ತಾ ಹೇಳಿಕೊಳ್ಳುತ್ತಿದ್ದ. ಇಂಥವನನ್ನು ಊರೆಲ್ಲ ಯಜಮಾನರು ಎಂದು ಕರೆಯುತ್ತಿತ್ತು. ಥೂ, ಯಜಮಾನನಂತೆ!

ಆತ ನೇಗಿಲು ಮುಟ್ಟಿದ್ದನ್ನು ನಾನು ಕಂಡಿಲ್ಲ. ಹೊಲಕ್ಕೆ ಬಂದರೆ ಬದುವಿನ ಮೇಲೆ ಕೊಡೆ ಬಿಚ್ಚಿಕೊಂಡು ನಿಂತು ಬೈಯುವುದಷ್ಟೇ ಅವನ ಬೇಸಾಯ. ಆದರೆ ಭೂಮಿಯ ವಿಷಯ ಬಂದರೆ ಸಾಕು, ನಾಲಿಗೆಗೆ ಎಲುಬಿರಲಿಲ್ಲ. "ಹೆಣ್ಣು ಅಂದ್ರೆ ಕಂಡೋರ ಮನೆ ದೀಪ. ದೀಪಕ್ಕೆ ಎಣ್ಣೆ ಸಾಕು, ಹೊಲ ಯಾಕೆ?" ಎನ್ನುವುದು ಅವನ ಪೇಟೆಂಟು ಮಾತು. ಕಟ್ಟೆಯ ಮೇಲಿದ್ದವರು ಹಲ್ಲು ಕಿರಿಯುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಅಮ್ಮ ಈರಮ್ಮ ನನ್ನ ಕೈ ಹಿಡಿದು ಅಣ್ಣನ ಮನೆಗೇ ಬಂದಳು. ಬಂದವಳನ್ನು ಮಾವ ಕೂರಿಸಿ ಅನ್ನ ಹಾಕಲಿಲ್ಲ, ದುಡಿಸಿಕೊಂಡು ಹಾಕಿದ. ಕೂರಿಗೆಯ ಹಿಂದೆ ನಡೆಯುತ್ತಾ ಬಟ್ಟಲಿಗೆ ಬೀಜ ಬಿಡುವುದು ನಮ್ಮ ಕಡೆ ಹೆಂಗಸರ ಕೆಲಸ. ಅಮ್ಮ ಬಿಟ್ಟ ಸಾಲಿನಲ್ಲಿ ಒಂದು ಗೇಣೂ ಖಾಲಿ ಬೀಳುತ್ತಿರಲಿಲ್ಲ. ಹಾಗಿದ್ದರೂ ಬಿತ್ತನೆಯ ಮೊದಲ ದಿನ ಕೂರಿಗೆಗೆ ಅರಿಶಿನ-ಕುಂಕುಮ ಇಡುವಾಗ ಮಾವ ಅವಳನ್ನು ಆಚೆ ನಿಲ್ಲಿಸುತ್ತಿದ್ದ. "ಮುಂಡೆ ಕೈ ಸೋಕಿದ್ರೆ ಬೆಳೆ ಬರಾಕಿಲ್ಲ." ಪೂಜೆ ಮುಗಿದ ಮೇಲೆ ಮಾತ್ರ ಅದೇ ಕೈ ಬೇಕು, ಹೊತ್ತು ಮುಳುಗುವ ತನಕ!

ಒಮ್ಮೆ ಅಮ್ಮ ಧೈರ್ಯ ಮಾಡಿ ಕೇಳಿದಳು. "ಅಣ್ಣಾ, ಆ ಕಲ್ಲುಹೊಲನಾದ್ರೂ ಬಿಟ್ಕೊಡು. ನಾನೂ ನನ್ ಮಗಳೂ ಹೆಂಗೋ ಬದುಕ್ಕಂತೀವಿ." ಊರಾಚೆಯ ಆರೆಕರೆ ಅದು. ನಮ್ಮ ಅಜ್ಜ-ಅಜ್ಜಿಯ ಸಮಾಧಿ ಇದ್ದದ್ದೂ ಅಲ್ಲೇ. ಮಾವ ಹೊಟ್ಟೆ ಕುಣಿಸಿಕೊಂಡು ನಕ್ಕ. "ಹೆಂಗಸಿಗೆ ಭೂಮಿ ಬೇಕಾಗದು ಸತ್ತಾಗ ಕಣವ್ವ, ಆರಡಿ ಮೂರಡಿ. ಅಷ್ಟನ್ನ ಕೊಡಾಕೆ ನಾನಿಲ್ವಾ?" ಅಮ್ಮ ಒಳಗೆ ಹೋಗಿ ರಾಗಿ ಬೀಸಲು ಕೂತಳು. ನನಗೆ ಮಾತ್ರ ಆ ನಗು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಎಪ್ಪತ್ತರ ದಶಕದ ನಡುವಿನಲ್ಲಿ ಸರ್ಕಾರದ ಕಾನೂನು ಬಂತು. ಒಂದು ಮನೆಗೆ ಇಷ್ಟೇ ಜಮೀನು, ಮಿಕ್ಕದ್ದು ಸರ್ಕಾರಕ್ಕೆ. ನಮ್ಮ ಹುಲಿಗೆ ಭೇದಿ ಶುರುವಾಯಿತು. ಊರಿನಲ್ಲಿ ಸಿಕ್ಕಸಿಕ್ಕ ನೆಂಟರ ಹೆಸರಿಗೆಲ್ಲ ಹೊಲ ಬರೆಸಿದ. ಕೊನೆಗೆ ಯಾವತ್ತೂ ಇಲ್ಲದ್ದು, "ತಂಗೀ" ಎನ್ನುತ್ತಾ ಅಮ್ಮನ ಹತ್ತಿರ ಬಂದ. ಹಿರಿಯೂರಿಗೆ ಕರೆದುಕೊಂಡು ಹೋಗಿ ನಮ್ಮಿಬ್ಬರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ. "ಸಾಹೇಬ್ರು ಏನ್ ಕೇಳಿದ್ರೂ ಹೂಂ ಅನ್ನು, ಸಾಕು" ಎಂದು ದಾರಿಯುದ್ದಕ್ಕೂ ಪಾಠ ಹೇಳಿದ.

ಕಚೇರಿಯಲ್ಲಿ ಆತ ಕೈಮುಗಿದು ನಿಂತು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. "ಆ ಕಲ್ಲುಹೊಲ ನಮ್ಮಪ್ಪ ಮದುವ್ಯಾಗೇ ತಂಗಿ ಅರಿಶಿನ-ಕುಂಕುಮಕ್ಕೆ ಅಂತ ಕೊಟ್ಟಿದ್ದು ಸ್ವಾಮಿ. ಮನೆದೇವರಾಣೆ." ಕೂರಿಗೆಯ ಕುಂಕುಮ ಮುಟ್ಟಲು ಬಿಡದ ನಾಲಿಗೆ! ಅಧಿಕಾರಿ ಅಮ್ಮನ ಕಡೆ ತಿರುಗಿ, "ಏನಮ್ಮ, ಹೊಲ ನಿಂದೇನಾ?" ಎಂದರು. ಅಮ್ಮ ಅಣ್ಣನ ಮುಖವನ್ನು ಒಂದು ಸಲ ನೋಡಿದಳು. "ಹೂಂ ಸ್ವಾಮಿ. ನಂದೇ." ಮಾವ ಕಲಿಸಿದ್ದು ಹೂಂ ಮಾತ್ರ. ಪಹಣಿಯಲ್ಲಿ ಅಮ್ಮನ ಹೆಸರು ಕೂತಿತು.

ಮುಂಗಾರು ಬಿದ್ದ ಎರಡನೇ ದಿನ ಅಮ್ಮ ಪಕ್ಕದ ಮನೆಯವರ ಎತ್ತು, ಕೂರಿಗೆಯನ್ನು ಬದಲಿಗೆ ದುಡಿದುಕೊಡುವ ಮುಯ್ಯಿಗೆ ತಂದು ಕಲ್ಲುಹೊಲಕ್ಕೆ ಇಳಿಸಿದಳು. ಕೂರಿಗೆಗೆ ಅರಿಶಿನ-ಕುಂಕುಮ ಇಟ್ಟವಳೂ ಅವಳೇ. ಸುದ್ದಿ ಕೇಳಿ ಮಾವ ಕೊಡೆ ಮರೆತು ಓಡಿಬಂದ.

"ಏಯ್, ಯಾರ್ನ ಕೇಳಿ ಬಿತ್ತುತಿದೀಯೇ? ಅದು ಕಾಗದದಾಗೆ ನಿಂದು ಕಣೇ, ಹೊಲದಾಗಲ್ಲ!"

ಅಮ್ಮ ಬೀಜದ ಮಡಿಲು ಬಿಗಿಮಾಡಿಕೊಂಡಳು. "ಹಂಗಾದ್ರೆ ನಡಿಯಣ್ಣ, ಹಿರಿಯೂರಿಗೆ ಹೋಗಾಣ. ಆವತ್ತು ಹೇಳಿದ್ದು ಸುಳ್ಳು ಅಂತ ಸಾಹೇಬ್ರ ಮುಂದೆ ನೀನೇ ಹೇಳು. ಅಲ್ಲೇ ಬಿಟ್ಕೊಡ್ತೀನಿ."

ಒಂದು ಸುಳ್ಳು ಬಿಚ್ಚಿದರೆ ನೆಂಟರ ಹೆಸರಿನ ಸುಳ್ಳುಗಳೆಲ್ಲ ಬಿಚ್ಚಿಕೊಳ್ಳುತ್ತವೆ, ಹೊಲಗಳೆಲ್ಲ ಸರ್ಕಾರಕ್ಕೆ ಹೋಗುತ್ತವೆ. ಮಾವ ಸಾಲು ಬಿಟ್ಟು ಪಕ್ಕಕ್ಕೆ ಸರಿದ. ಎತ್ತುಗಳು ಹೊರಟವು. ಅಮ್ಮ ಹಿಂದಿರುಗಿ ನೋಡಲಿಲ್ಲ.

ಆ ದಿನವೇ ನಾವು ಅವನ ಮನೆ ಬಿಟ್ಟು ಹೊಲದಲ್ಲೇ ಗುಡಿಸಲು ಹಾಕಿಕೊಂಡೆವು. ಮಾವ ಮಾತು ಬಿಟ್ಟ. "ನನ್ ತಂಗಿ ಮೋಸ ಮಾಡಿದ್ಲು" ಎಂದು ಕಟ್ಟೆಯ ಮೇಲೆ ಗೋಳಾಡುತ್ತಿದ್ದನಂತೆ, ನಾಚಿಕೆಗೆಟ್ಟವನು. ಒಂದು ದಿನ ಸಂತೆಯಿಂದ ಬರುವಾಗ ತಡೆಯಲಾಗದೆ ಹಳೇ ಅಭ್ಯಾಸದಲ್ಲಿ ನಮ್ಮ ಬದುವಿನೊಳಗೇ ಕೂತುಬಿಟ್ಟ. ಅಮ್ಮ ಗುಡಿಸಲ ಬಾಗಿಲಿಂದಲೇ ಕೂಗಿದಳು: "ಕುಂತ್ಕಳಣ್ಣಾ, ನಿಧಾನಕ್ಕೆ!" ಯಜಮಾನರು ಪಂಚೆ ಎತ್ತಿಕೊಂಡು ಅರ್ಧಕ್ಕೇ ಎದ್ದು ಓಡಿದರು. ನಾನು ಅವನನ್ನು ಜೀವಂತ ಕಂಡದ್ದು ಅದೇ ಕೊನೆ. ಆ ಓಟ ನೆನೆದರೆ ಈಗಲೂ ನಗು ಬರುತ್ತದೆ.

ದಶಕ ಮುಗಿಯುವ ಮೊದಲೇ ಆತ ಸತ್ತ. ಅವನ ಇಬ್ಬರು ಗಂಡುಮಕ್ಕಳು ನಮ್ಮ ಗುಡಿಸಲ ಮುಂದೆ ತಲೆ ತಗ್ಗಿಸಿ ನಿಂತರು. "ಅತ್ತೆ, ತಾತನ ಪಕ್ಕದಾಗೇ ಮಣ್ಣು ಮಾಡ್ಬೇಕು ಅಂತ ಅಪ್ಪ ಹೇಳಿತ್ತು. ಹೊಲ ನಿಂದು. ನೀನು ಹೂಂ ಅನ್ಬೇಕು."

"ಬ್ಯಾಡ ಕಣಮ್ಮ" ಎಂದೆ ನಾನು. ಅಮ್ಮ ನನ್ನ ಮಾತು ಕೇಳಲಿಲ್ಲ. ಗುದ್ದಲಿ ಹಿಡಿದು ಹೋಗಿ, ಅಜ್ಜನ ಸಮಾಧಿಯ ಪಕ್ಕದಲ್ಲಿ ಪಾದದಿಂದ ಅಳೆದು ಗೆರೆ ಎಳೆದಳು. "ಆರಡಿ ಮೂರಡಿ. ಅಗೀರಪ್ಪ." ಆಮೇಲೆ ಗುದ್ದಲಿ ಬಿಸಾಕಿ ಅಳುತ್ತಾ ಕೂತಳು. ಒಡಹುಟ್ಟಿದವಳು, ಅತ್ತಳು. ನಾನು ಒಂದು ಹನಿಯೂ ಹಾಕಲಿಲ್ಲ.

ಮುಂದಿನ ವರ್ಷ ಅಮ್ಮ ಆ ಗುಡ್ಡೆಯ ಸುತ್ತಲೂ ಅವರೆ ಹಾಕಿದಳು. ಇಡೀ ಕಲ್ಲುಹೊಲದಲ್ಲಿ ಅಲ್ಲಿ ಬಂದಂಥ ಕಾಯಿ ಇನ್ನೆಲ್ಲೂ ಬರಲಿಲ್ಲ. ಮಡಿಲ ತುಂಬ ಬಿಡಿಸಿಕೊಂಡು ಬಂದವಳು, "ಕೊನೆಗೂ ನಮ್ಮಣ್ಣ ಒಂದೀಟು ಗೊಬ್ಬರ ಕೊಟ್ಟ ಕಣೆ" ಎಂದಳು. ಆವತ್ತು ಮುದ್ದೆಯ ಜೊತೆ ಅವರೆಕಾಳಿನ ಸಾರನ್ನು ನಾನು ಎರಡು ಸಲ ಬಡಿಸಿಕೊಂಡು ಉಂಡೆ.