ಗಂಡನ ಹೆಸರಿನ ಡಬ್ಬಿ

ಬೆಳಕು ಹರಿಯುವ ಮೊದಲೇ ರೂತಮ್ಮ ನೀರು ತುಂಬಿದಳು, ಪಾತ್ರೆ ಬೆಳಗಿದಳು, ಗಂಡ ಪ್ರೇಮದಾಸನ ಅಂಗಿ ಒಗೆದಳು, ರೊಟ್ಟಿ ಬಡಿದಳು. ವಿಠ್ಠಲವಾಡಿಯ ಕನ್ನಡ ಚರ್ಚಿನವರು ಬಾಣಂತಿಯ ಮನೆಗೆ ಸರದಿಯಂತೆ ಊಟ ಕಳಿಸುತ್ತಿದ್ದರು. ಇಂದು ರೂತಮ್ಮನ ಸರದಿ. ಆದರೆ ಬಾಣಂತಿ ಎಸ್ತೇರಳ ಗಂಡನಿಗೂ ಪ್ರೇಮದಾಸನಿಗೂ ಚರ್ಚಿನ ಬೀಗದಕೈ ಯಾರ ಬಳಿ ಇರಬೇಕೆಂದು ಜಗಳವಾಗಿತ್ತು.

“ಆ ಮನಿಗಿ ಏನೂ ಒಯ್ಯಬ್ಯಾಡ. ಮೊದಲ ಅವ ಮಾಫಿ ಕೇಳಲಿ,” ಎಂದ ಪ್ರೇಮದಾಸ.

“ನೀವು ರಾಜಿ ಆಗೋತನಕ ಬಾಣಂತಿ ಉಪಾಸ ಇರಬೇಕೇನ್ರೀ?”

“ಬಾಯಿ ಭಾಳ ಆಗ್ಯಾದ ನಿಂದು!” ಎಂದು ಅವನು ಸ್ನಾನಕ್ಕೆ ಹೋದ.

ರೂತಮ್ಮ ಒಲೆಗೂ ಬಾಗಿಲಿಗೂ ನಡುವೆ ಸುಳಿದಾಡಿದಳು. ಗಂಡಸರು ಯಾವುದೋ ಭಾನುವಾರ ಅಪ್ಪಿಕೊಂಡಾರು. ಎಸ್ತೇರಳ ಹಸಿವು ಇವತ್ತಿನದು. ತನ್ನ ಹಳೆಯ ಡಬ್ಬಿಗೆ ಕೈಹಾಕಿದವಳು ಹಿಂದೆಗೆದಳು. ಊಟ ಗಂಡನ ಹೆಸರಿನಲ್ಲೇ ಆ ಮನೆ ಸೇರಲಿ ಎಂದು, ‘ಪ್ರೇಮದಾಸ’ ಎಂದು ಹೆಸರು ಕೊರೆಸಿದ್ದ ಸ್ಟೀಲ್ ಡಬ್ಬಿಯನ್ನು ಇಳಿಸಿ, ರೊಟ್ಟಿ, ಸಬ್ಬಸಗಿ ಪಲ್ಯ ತುಂಬಿಕೊಂಡು ಹೊರಟಳು.